ಮುಂದಿನ ಬೆಂಚಿಗೊಂದು ಅರ್ಜಿ

ಸ್ನೇಹಿತರೇ, ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ಇವತ್ತು ಪೆನ್ನು ಕೊಟ್ಟು ಅರ್ಜಿ ಬರೆಯಿರಿ ಅಂದಿದ್ದಾರೆ. ಒಂದು ಬೆಂಚಿಗೆ ಅರ್ಜಿಯಂತೆ! ಎಲ್ಲರಿಗೂ ಕಾಣಲಿ ಅಂತ ಇಲ್ಲಿ ಮೊಬೈಲಿನಲ್ಲೂ ಬರೆಯುತ್ತಿದ್ದೇನೆ.

ಮೊಮ್ಮಗಳು ಮದ್ದೂರಿನಲ್ಲಿ ಮೂರನೇ ಕ್ಲಾಸು. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದನ್ನು ಅರ್ಧಕ್ಕೇ ಮರೆಯುತ್ತಾಳೆ. ಕೊಬ್ಬು ಅಂದುಕೊಂಡು ನಾನೂ ಗದರಿದ್ದೇನೆ, ತಾಯತ ಕಟ್ಟಿಸಿದ್ದೇನೆ. ಮಂಡ್ಯದ ಮಕ್ಕಳ ಡಾಕ್ಟರು ಮೂರು ಸಲ ನೋಡಿ, ಇದು ಗಮನ ನಿಲ್ಲದ ತೊಂದರೆ, ಮಗುವಿನ ತಪ್ಪಲ್ಲ ಅಂದರು. ಸದ್ಯಕ್ಕೆ ಗಮನ ನಿಲ್ಲಿಸುವ ತರಬೇತಿ, ಬೇಕಾದರೆ ಆಮೇಲೆ ಮಾತ್ರೆ. ಶಾಲೆಯಲ್ಲಿ ಮುಂದಿನ ಬೆಂಚು ಕೊಡಬೇಕು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು ಅಂತ ಚೀಟಿಯನ್ನೂ ಬರೆದುಕೊಟ್ಟರು.

ಬೆಳಿಗ್ಗೆ ಚೀಟಿ ಹಿಡಿದು ಶಾಲೆಗೆ ಹೋದೆ. ಮಗು ಕೊನೆ ಬೆಂಚಿನಲ್ಲಿ ಒಂಟಿಯಾಗಿ ಕೂತಿತ್ತು.

"ಬೇರೆ ಮಕ್ಕಳನ್ನ ಕೆಡಿಸ್ತಾಳೆ ತಾತ, ಅದಕ್ಕೇ ಹಿಂದೆ ಕೂರಿಸಿದ್ದೀನಿ" ಅಂದರು ಮೇಡಂ.

"ಹೊಸ ಹೋರಿ ಪಳಗಿಸ್ಬೇಕಾದ್ರೆ ನಾವು ಒಂಟಿಯಾಗಿ ಕಟ್ಟಾಕಲ್ಲ ಕಣಮ್ಮ. ಸಮಾಧಾನದ ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ತೀವಿ. ನಾಕು ಸಾಲು ಉತ್ತ ಮ್ಯಾಕೆ ನಿಲ್ಲುಸ್ತೀವಿ, ನೀರು ಕುಡುಸ್ತೀವಿ."

"ಮಗೂನ ಎತ್ತಿಗೆ ಹೋಲಿಸ್ತೀರಾ?"

"ಎತ್ತಿಗೆ ಕೊಡೋ ಮರ್ಯಾದೆನಾದ್ರೂ ನನ್ ಮಗೀಗೆ ಕೊಡಿ ಅಂತ ಕೇಳ್ತಾವ್ನಿ!"

ಮೇಡಂ ಬಿಳಿ ಹಾಳೆ ಮುಂದಿಟ್ಟು, "ಬರೆದು ಕೊಡಿ, ನೋಡೋಣ" ಅಂದರು.

ಬರೆದಾಯಿತು. ತಪ್ಪಿದ್ದರೆ ತಿದ್ದಿಕೊಳ್ಳಲಿ, ಅವರ ಕೆಲಸವೇ ಅದು. ಮೊಮ್ಮಗಳು ಯಾವ ಬೆಂಚಿನಲ್ಲಿ, ಯಾರ ಪಕ್ಕ ಕೂರುತ್ತಾಳೆ ಅನ್ನುವುದಕ್ಕೆ ಸೋಮವಾರ ಬೆಳಿಗ್ಗೆ ಗಂಟೆ ಹೊಡೆಯುವುದರೊಳಗೆ ನನಗೆ ಉತ್ತರ ಬೇಕು.