ಬೋರಕ್ಕನ ಕಿವಿ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಕಮ್ಮಾರ ದೊಡ್ಡೀರಪ್ಪನ ಕುಲುಮೆ. ಕಬ್ಬಿಣ ಬಡಿದೂ ಬಡಿದೂ ಅವನ ಕಿವಿ ಹೋಗಿ ಬಾಳ ಕಾಲವಾಯಿತು. ಎದುರಿಗೆ ನಿಂತು ಕೂಗಿದರೆ ಮಾತ್ರ ಏನೋ ಒಂದಿಷ್ಟು ಕೇಳುತ್ತದೆ. ಹೆಂಡತಿ ಬೋರಕ್ಕ ಮದುವೆಯಾಗಿ ಬಂದಾಗಿಂದ ತಿದಿ ಒತ್ತಿದವಳು, ಆಳು ಸಿಗದಾಗ ಸಮ್ಮಟಿಗೆಯನ್ನೂ ಎತ್ತಿದವಳು. ಅದೇನು ಪುಣ್ಯವೋ, ಅವಳ ಕಿವಿ ಚುರುಕಾಗೇ ಉಳಿದಿತ್ತು.

ಕುಡುಗೋಲು, ಮಚ್ಚು ಯಾರು ಬೇಕಾದರೂ ಮಾಡುತ್ತಾರೆ. ದೊಡ್ಡೀರಪ್ಪನ ಹೆಸರು ನಿಂತಿದ್ದು ಅಲಗಿನಿಂದ. ಮೊಳಕಾಲ್ಮೂರಿನ ನೇಕಾರರಲ್ಲಿ ಹರಕೆ ಹೊತ್ತ ಗಂಡಸರು ಚೌಡೇಶ್ವರಿ ಅಮ್ಮನನ್ನು ಕರೆಯುತ್ತಾ ಬರಿಮೈಗೆ ಕತ್ತಿ ಬಡಿದುಕೊಳ್ಳುತ್ತಾರಲ್ಲ, ಆ ಕತ್ತಿಯೇ ಅಲಗು. ಅಂಗಡಿಯ ಕತ್ತಿಗೆ ಭಾರ ತುದಿಯಲ್ಲಿರುತ್ತದೆ, ಬೀಸಿದರೆ ಕೈ ಮೀರಿ ಎದೆಯೊಳಗೇ ಇಳಿಯುತ್ತದೆ. ದೊಡ್ಡೀರಪ್ಪನ ಅಲಗಿಗೆ ಭಾರವೆಲ್ಲ ಹಿಡಿಯ ಹತ್ತಿರ. ಮಾತು ಕೇಳುವ ಎತ್ತಿನ ಹಾಗೆ, ಚರ್ಮ ಮುಟ್ಟಿ ಅಲ್ಲೇ ನಿಲ್ಲುತ್ತದೆ.

ಹದ ಕೊಟ್ಟಾದ ಮೇಲೆ ಅಲಗನ್ನು ದಾರದಲ್ಲಿ ಇಳಿಬಿಟ್ಟು ಬೋರಕ್ಕ ಮೊಳೆಯಿಂದ ತಟ್ಟುತ್ತಿದ್ದಳು. ದನಿ ತಂಬಿಗೆ ತಟ್ಟಿದ ಹಾಗೆ ಹರಿದರೆ ಗಟ್ಟಿ. ಒಡಕು ಮಡಕೆಯ ಹಾಗೆ ಅಲ್ಲೇ ಸತ್ತರೆ ಒಳಗೆ ಬಿರುಕು. ಅವಳು ಊಹೂಂ ಅಂತ ತಲೆ ಆಡಿಸಿದರೆ ಸಾಕು, ಅವನು ಮರುಮಾತಿಲ್ಲದೆ ಅದನ್ನು ಮುರಿದು ಹಾಕುತ್ತಿದ್ದ. ಗಂಡನ ಕೆಲಸಕ್ಕೇ ತಪ್ಪು ತೆಗೀತಾಳೆ ಅಂತ ಓಣಿಯವರು ಆಡಿಕೊಂಡರೆ ದೊಡ್ಡೀರಪ್ಪ ನಗುತ್ತಿದ್ದ. ‘ಅದು ನನ್ನ ಕಿವಿ ಕಣ್ರಲೇ. ಅವಳ ತಲೇಲಿ ಇಟ್ಟೀನಿ ಅಷ್ಟೇ.’

ಹೋದ ವರ್ಷ ನೇಕಾರ ದೇವೇಂದ್ರ ಹೊಸ ಅಲಗು ಬೇಕೆಂದು ಬಂದ. ಅವನ ತಮ್ಮನ ಮಗ ಚೌಡೇಶ ಮೊದಲ ಸಲ ಹರಕೆ ಹೊತ್ತಿದ್ದ. ಇಂಥದ್ದು ಬೇಕು ಅಂತ ದೇವೇಂದ್ರ ಮೊಬೈಲಿನಲ್ಲಿ ಒಂದು ಕತ್ತಿ ತೋರಿಸಿದ. ಹಿಡಿಗೆ ಸಿಂಹದ ಮುಖ, ಮೈತುಂಬ ಬಳ್ಳಿ. ದೊಡ್ಡೀರಪ್ಪ ಕಣ್ಣು ಕಿರಿದು ಮಾಡಿ ನೋಡಿ, ಕೆತ್ತಿದ ಕೈ ಒಳ್ಳೇದೇ, ಆದರೆ ಸಿಂಹದ ಮೂಗು ಅಂಗೈಗೆ ಚುಚ್ಚುತ್ತೆ, ಬಳ್ಳಿಯ ಸಂದಿಗೆ ರಕ್ತ ಕೂತು ತುಕ್ಕು ಹಿಡಿಯುತ್ತೆ, ಇದು ಗೋಡೆಗೆ ನೇತು ಹಾಕೋರ ಕತ್ತಿ ಅಂದ.

ಅವನ ಎದೆ ಆಗಲೇ ಸೋತಿತ್ತು. ಇದ್ದಿಲ ಹೊಗೆ ಕುಡಿದ ಎದೆ. ಒಂದಷ್ಟು ಏಟು ಹಾಕಿದರೆ ಕೂತು ಏದುಸಿರು ಬಿಡಬೇಕು. ಇದೇ ಕೊನೇ ಅಲಗು ಅಂತ ತಾನೇ ಹೇಳಿ, ಹಳೇ ಲಾರಿಯ ಸ್ಪ್ರಿಂಗಿನ ಪಟ್ಟಿ ತಂದು ಕೂತ. ಶೇಂಗಾ ಮಾರುಕಟ್ಟೆಗೆ ಬರುವ ಹೊತ್ತಿಗೆ ಅಲಗು ಎದ್ದು ಬಂತು. ಗಾಳಿಗೆ ಬಾಗಿದ ಜೋಳದ ಗರಿಯಂಥ ಬಾಗು, ಬೆನ್ನ ಮೇಲೆ ಒಂದೇ ಒಂದು ಗೆರೆ. ಅಷ್ಟು ಚೆಂದದ್ದನ್ನು ಅವನು ವಯಸ್ಸಿನಲ್ಲಿದ್ದಾಗಲೂ ಮಾಡಿರಲಿಲ್ಲ.

ಬೋರಕ್ಕ ತಟ್ಟಿದಳು. ದನಿ ಸತ್ತಿತು. ಜಾಗ ಬದಲಿಸಿ ಇನ್ನೊಮ್ಮೆ ತಟ್ಟಿದಳು. ಆಗಲೂ ಹಾಗೇ. ತಲೆ ಎತ್ತಿದರೆ ಅವನು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ, ಜ್ವರದ ಮಗು ತಾಯಿಯನ್ನು ನೋಡುವ ಹಾಗೆ. ಇನ್ನೊಂದು ಮಾಡುವ ಉಸಿರು ಆ ಮೈಯಲ್ಲಿಲ್ಲ ಅಂತ ಅವಳಿಗೆ ಗೊತ್ತು. ಬೋರಕ್ಕ ಹೂಂ ಅಂದಳು.

ಅವತ್ತಿನಿಂದ ಅವಳಿಗೆ ಅದೇ ಯೋಚನೆ. ಅಮ್ಮ ಕಾಯ್ತಾಳೆ ಅಂತ ಒಮ್ಮೆ ಅನ್ನಿಸುವುದು, ಬಡಿದುಕೊಳ್ಳುವಾಗ ಮುರಿದು ಎದೆಗೆ ನೆಟ್ಟರೆ ಅಂತ ಇನ್ನೊಮ್ಮೆ. ದೇವೇಂದ್ರನಿಗೆ ಗುಟ್ಟಾಗಿ ಹೇಳಿಬಿಡೋಣ ಅಂದುಕೊಳ್ಳುತ್ತಿರುವಾಗಲೇ ಅವನೂ ಚೌಡೇಶನೂ ಬಸ್ಸಿಳಿದು ಬಂದುಬಿಟ್ಟರು. ದೇವೇಂದ್ರ ಸೀರೆಯ ಅಂಚು ನೋಡುವ ಹಾಗೆ ಬೆರಳಾಡಿಸಿ, ‘ಚಾಲಾ ಬಾಗುಂದಿ’ ಅಂತ ತನ್ನ ಮನೆಮಾತು ತೆಲುಗಿನಲ್ಲೇ ಮೆಚ್ಚಿಕೊಂಡ. ದೊಡ್ಡೀರಪ್ಪನಿಗೆ ಮಾತು ಕೇಳಿಸದಿದ್ದರೂ ಮುಖ ಅರಳಿತು. ಚೌಡೇಶ ಅಂಗಿ ಬಿಚ್ಚಿ, ಕೈಗೆ ಹೊಂದುತ್ತಾ ನೋಡೋಣ ಅಂತ ಅಲಗು ಎತ್ತಿದ. ಎಳೇ ಎದೆ, ಇನ್ನೂ ಒಂದು ಗಾಯದ ಗುರುತಿಲ್ಲ.

ಬೋರಕ್ಕ ಹೋಗಿ ಅವನ ಕೈ ಹಿಡಿದಳು. ಕಿವಿ ಕೇಳದವನಿಗೆ ಇಂಥದ್ದನ್ನು ಮೆಲ್ಲಗೆ ಹೇಳುವುದಾದರೂ ಹೇಗೆ? ಓಣಿಗೆಲ್ಲ ಕೇಳುವ ಹಾಗೆ ಗಂಡನ ಕಡೆ ತಿರುಗಿ ಕೂಗಿದಳು. ‘ಬಿರುಕೈತೆ. ಇದ್ರಾಗೆ ಬಿರುಕೈತೆ.’

ದೊಡ್ಡೀರಪ್ಪ ಅಲಗನ್ನು ಇಸಿದುಕೊಂಡು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಆನಿಸಿ ಮೇಲೆ ಕಾಲಿಟ್ಟ. ಒಣ ಸೌದೆಯ ಹಾಗೆ ಎರಡಾಯಿತು. ಮುರಿದಲ್ಲಿ ಹೊಸ ಕಬ್ಬಿಣ ಹೊಳೆಯಬೇಕಿತ್ತು. ಅರ್ಧದಷ್ಟು ಮಸಿಯ ಹಾಗೆ ಕಪ್ಪಗಿತ್ತು, ಹದ ಕೊಟ್ಟಾಗಲೇ ಬಿಟ್ಟ ಬಿರುಕು.

ನಮ್ಮ ಹುಡುಗನ್ನ ಉಳಿಸಿದ್ರಿ ಅವ್ವಾ ಅಂತ ದೇವೇಂದ್ರ ಕೈ ಮುಗಿದ. ಅವಳು ಆ ಕಡೆ ನೋಡಲೇ ಇಲ್ಲ.

‘ಅವತ್ತು ಹೂಂ ಅಂದೆ,’ ಅಂದ ದೊಡ್ಡೀರಪ್ಪ.

ಅವಳು ಬಗ್ಗಿ ಮುರಿದ ತುಂಡುಗಳನ್ನು ಎತ್ತಿಕೊಂಡಳು.

‘ಹಂಗಾದ್ರೆ ಹಿಂದಿನವು? ಅವುಕ್ಕೆಲ್ಲ ನಿಜವಾಗಿ ಹೂಂ ಅಂದೆಯೋ, ನನ್ನ ಮುಖ ನೋಡಿ ಅಂದೆಯೋ?’

ಇದೊಂದಕ್ಕೇ, ಅಮ್ಮನ ಆಣೆಗೂ ಇದೊಂದಕ್ಕೇ ಅಂತ ಅವಳು ಕೂಗಿ ಕೂಗಿ ಹೇಳಿದಳು. ಅವನು ಆಗಲೇ ಮುಖ ತಿರುಗಿಸಿದ್ದ. ಮೊಳಕಾಲ್ಮೂರಿನ ಯಾವ್ಯಾವ ಮನೆಯ ದೇವರ ಜಗಲಿಯ ಮೇಲೆ ತನ್ನ ಅಲಗುಗಳಿವೆಯೋ ಆ ಮನೆಗಳ ಹೆಸರನ್ನು ಒಂದೊಂದಾಗಿ ಬಾಯಲ್ಲೇ ಹೇಳಿಕೊಳ್ಳುತ್ತಾ ಕೂತ.

ನೇಕಾರರು ಆ ಸಲ ಹಳೇ ಅಲಗಿನಲ್ಲೇ ಹರಕೆ ತೀರಿಸಿದರು. ದೊಡ್ಡೀರಪ್ಪ ಈಗ ಕುಡುಗೋಲಷ್ಟೇ ಬಡಿಯುತ್ತಾನೆ. ಬಡಿದಾದ ಮೇಲೆ ಹಿಡಿಯೊಳಗೆ ಸೇರುವ ಅದರ ಬಾಲವನ್ನು ಹಲ್ಲಿನಲ್ಲಿ ಕಚ್ಚಿ, ಮೊಳೆಯಿಂದ ತಾನೇ ತಟ್ಟಿಕೊಳ್ಳುತ್ತಾನೆ, ನಡುಕ ದವಡೆಗಾದರೂ ತಿಳಿದೀತೆಂದು. ತಿದಿಯ ಮುಂದೆ ಕೂತ ಬೋರಕ್ಕನಿಗೆ ಯಾವುದು ಗಟ್ಟಿ, ಯಾವುದು ಒಡಕು ಅಂತ ಆ ಕ್ಷಣವೇ ಗೊತ್ತಾಗುತ್ತದೆ. ಅವನು ಅವಳ ಕಡೆ ತಿರುಗದೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾನೆ.