ಮಗ್ಗದ ಶೆಡ್ಡಿನ ಟೀಚರಮ್ಮ

ಅವರು ಮಾತಾಡಿದರೆ ಮುಖವೆಲ್ಲ ಮಾತಾಡುತ್ತಿತ್ತು. ಹುಬ್ಬು ಅರ್ಧ ಹಣೆ ಏರುತ್ತಿತ್ತು, ಕೆನ್ನೆ ಉಬ್ಬುತ್ತಿತ್ತು, 'ಓ' ಎಂದರೆ ತುಟಿ ಬಳೆಯಷ್ಟು ದುಂಡಗಾಗುತ್ತಿತ್ತು, 'ಈ' ಎಂದರೆ ಎರಡು ಕಿವಿಗಳನ್ನೂ ಮುಟ್ಟಿ ಬರುತ್ತಿತ್ತು. ಗೊತ್ತಿಲ್ಲದವರು ದೂರದಿಂದ ನೋಡಿದರೆ ಯಾರ ಮೇಲೋ ಜಗಳಕ್ಕೆ ನಿಂತಿದ್ದಾರೆ ಅಂದುಕೊಳ್ಳಬೇಕು. ಹತ್ತಿರ ಹೋದರೆ ಸ್ವರವೇ ಇಲ್ಲ! ನಮ್ಮ ಟೀಚರಮ್ಮ ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರು. ಪವರ್‌ಲೂಮ್ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅಲ್ಲಿಯವರು ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಆ ಅಭ್ಯಾಸ ಟೀಚರಮ್ಮನನ್ನು ಮದುವೆ ಮನೆಯಲ್ಲೂ ಬಿಡಲಿಲ್ಲ, ಬ್ಯಾಂಕಿನಲ್ಲೂ ಬಿಡಲಿಲ್ಲ.

ನಾನೂ ಅಮ್ಮನೂ ಆಗ ರೈಲ್ವೆ ಸ್ಟೇಷನ್ನಿನ ಹೊರಗೆ ಮಲಗುತ್ತಿದ್ದೆವು. ಅಮ್ಮ ಹಿಂದೂಪುರದ ಕಡೆಯವಳು. ಬೆಳಗಿನ ರೈಲುಗಳಿಗೆ ಹೂವು ಮಾರುತ್ತಿದ್ದಳು. ನಾನು ಹೂವು ಕಟ್ಟಿಕೊಟ್ಟು, ಆಮೇಲೆ ಒಂದು ಚೀಲ ಹಿಡಿದು ಮಗ್ಗದ ಬೀದಿಗಳಲ್ಲಿ ಸುತ್ತುತ್ತಿದ್ದೆ. ನೂಲು ಮುಗಿದ ಮೇಲೆ ಉಳಿಯುವ ಕಾಗದದ ಖಾಲಿ ಕೋನುಗಳನ್ನು ಆಯ್ದರೆ ಗುಜರಿಯವನು ತೆಗೆದುಕೊಳ್ಳುತ್ತಿದ್ದ.

ಹಾಗೆ ಕೋನು ಹುಡುಕಿಕೊಂಡು ಒಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಮಗ್ಗಗಳು ಭೂಮಿ ನಡುಗುವಂತೆ ಓಡುತ್ತಿದ್ದವು. ಆಚೆ ಮೂಲೆಯಲ್ಲಿ ಚಾಪೆಯ ಮೇಲೆ ನನ್ನಂಥವೇ ಒಂದಷ್ಟು ಮಕ್ಕಳು, ಅವರ ನಡುವೆ ಒಬ್ಬ ದಪ್ಪನೆಯ ಹೆಂಗಸು. ಅವರು ತಲೆ ಎತ್ತಿ ನನ್ನತ್ತ ನೋಡಿ ತುಟಿ ಆಡಿಸಿದರು. ಒಂದು ಅಕ್ಷರವೂ ಕೇಳಿಸಲಿಲ್ಲ, ಆದರೂ ಅರ್ಥವಾಯಿತು.

"ಊಟ ಆಯ್ತಾ?"

ಅಲ್ಲಿಯವರೆಗೆ ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದದ್ದು ಬೇರೆ. ಯಾರೇ ನೀನು, ಇಲ್ಲೇನು ಕೆಲಸ, ಚೀಲದಲ್ಲಿ ಏನಿದೆ ತೋರಿಸು. ಊಟದ ಸುದ್ದಿ ಯಾರೂ ಎತ್ತಿರಲಿಲ್ಲ. ನಾನೋ ಹಸಿದರೂ ಜಂಬಕ್ಕೇನೂ ಕಡಿಮೆಯಿಲ್ಲದವಳು. 'ಆಯ್ತು' ಎಂದು ನಾನೂ ತುಟಿ ಆಡಿಸಿದೆ. ಟೀಚರಮ್ಮ ನನ್ನ ಬಾಯಿಯನ್ನೇ ನೋಡಿದರು, ತಲೆ ಅಲ್ಲಾಡಿಸಿದರು, ಡಬ್ಬಿ ತೆಗೆದು ಅರ್ಧ ಚಿತ್ರಾನ್ನ ಮುಚ್ಚಳಕ್ಕೆ ಸುರಿದು ನನ್ನ ಕಡೆ ತಳ್ಳಿದರು. ಕಿವಿಗೆ ಸುಳ್ಳು ಹೇಳಬಹುದು, ಕಣ್ಣಿಗೆ ಹೇಳೋಕಾಗಲ್ಲ ಎಂಬುದು ಅವರು ಆಗಾಗ ಹೇಳುತ್ತಿದ್ದ ಮಾತು. ಚಿತ್ರಾನ್ನ ತಿಂದವಳು ಆವತ್ತು ಕೋನು ಆಯುವುದನ್ನು ಮರೆತೆ.

ಅದು ಶಾಲೆ ಎಂದು ತಿಳಿಯಲು ನನಗೆ ಒಂದೆರಡು ದಿನ ಬೇಕಾಯಿತು. ಬಸ್ ಸ್ಟ್ಯಾಂಡು, ಸ್ಟೇಷನ್ನು, ಅಂಗಡಿ ಜಗಲಿಗಳಲ್ಲಿ ಬದುಕುವ ಮಕ್ಕಳಿಗೆ ಮೊದಲು ಓದು ಬರೆಹ ಹತ್ತಿಸಿ, ಆಮೇಲೆ ಸರ್ಕಾರಿ ಶಾಲೆಗೆ ಸೇರಿಸುವ ವಿಶೇಷ ತರಗತಿ ಅದು. ತರಗತಿ ಮಂಜೂರಾಗಿತ್ತು, ಟೀಚರಮ್ಮ ನೇಮಕವಾಗಿದ್ದರು, ಜಾಗ ಮಾತ್ರ ಇರಲಿಲ್ಲ. ಇಂಥ ಮಕ್ಕಳಿಗೆ ಎಂದ ಕೂಡಲೇ ಬಾಡಿಗೆ ಮನೆಗಳೆಲ್ಲ ಮಾಲೀಕರ ಬಾಯಲ್ಲಿ ನೆಂಟರು ಬರುವ ಮನೆಗಳಾಗಿಬಿಡುತ್ತಿದ್ದವು. ಕೊನೆಗೆ ಟೀಚರಮ್ಮನ ಚಿಕ್ಕಪ್ಪ ತಮ್ಮ ಶೆಡ್ಡಿನ ಮೂಲೆ ಬಿಟ್ಟುಕೊಟ್ಟರು. ಗದ್ದಲ ತಡ್ಕೋತೀಯಾ ಎಂದು ಚಿಕ್ಕಪ್ಪ ಕೇಳಿದರಂತೆ. ನನ್ನ ಮಕ್ಕಳ ಗದ್ದಲ ನೀವು ತಡ್ಕೋತೀರಾ ಎಂದು ಇವರು ಕೇಳಿದರಂತೆ.

ಆ ಶಾಲೆಗೆ ಗಂಟೆ ಇರಲಿಲ್ಲ. ಕರೆಂಟು ಇದ್ದರೆ ಓದು, ಕರೆಂಟು ಹೋದರೆ ಕಥೆ ಮತ್ತು ಹಾಡು, ಇದೇ ವೇಳಾಪಟ್ಟಿ. ಟೀಚರಮ್ಮ ಖಾಲಿ ಕೋನುಗಳ ಮೇಲೆ ಅಕ್ಷರ ಬರೆದಿದ್ದರು. ನಾನು ಗುಜರಿಗೆ ಹಾಕುತ್ತಿದ್ದ ಕೋನುಗಳನ್ನೇ ಸಾಲಾಗಿ ನಿಲ್ಲಿಸಿ 'ಅವರೆ', 'ರೈಲು', 'ಅಮ್ಮ' ಎಂದು ಕೂಡಿಸುವುದು. ಕೂಡಿಸಿದ್ದನ್ನು ಅವರ ಮುಖ ನೋಡಿ ತುಟಿಯಲ್ಲಿ ಓದಿ ಒಪ್ಪಿಸುವುದು. ಸ್ವರ ಹೊರಡಿಸಿ ಏನು ಪ್ರಯೋಜನ, ಮಗ್ಗದ ಮುಂದೆ ಅದು ಯಾರಿಗೂ ಕೇಳದು. ಇದ್ದಕ್ಕಿದ್ದಂತೆ ಕರೆಂಟು ಹೋಗಿ ಮಗ್ಗಗಳು ನಿಂತರೆ ನಾವು 'ಹೋ' ಎಂದು ಕುಣಿಯುತ್ತಿದ್ದೆವು. ನೇಯುವವರು ಕರೆಂಟಿನವರಿಗೆ ಶಾಪ ಹಾಕಿ ಬೀಡಿ ಹಚ್ಚಲು ಹೊರಗೆ ಹೋದವರು, ಕಥೆ ಶುರುವಾದರೆ ಬಾಗಿಲಲ್ಲೇ ಕೂತುಬಿಡುತ್ತಿದ್ದರು.

"ನಿನ್ ಸ್ಕೂಲು ಉದ್ಧಾರ ಆಗ್ಬೇಕಾದ್ರೆ ನನ್ ಮಗ್ಗ ನಿಲ್ಬೇಕು. ಇದ್ಯಾವ ನ್ಯಾಯನಮ್ಮಾ?" ಎಂದು ಚಿಕ್ಕಪ್ಪ ಗೊಣಗುತ್ತಿದ್ದರು. ಗೊಣಗುತ್ತಲೇ ಕಥೆ ಮುಗಿಯುವವರೆಗೆ ಕೂತಿರುತ್ತಿದ್ದರು.

ನಾನು ಬೆಳಗಿನ ಹೂವು ಮುಗಿಸಿ ಹೋಗುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ತಡವಾಯಿತು ಎಂದು ಬಾಗಿಲಲ್ಲಿ ತಲೆ ಕೆರೆದುಕೊಂಡು ನಿಂತರೆ ಟೀಚರಮ್ಮನಿಗೆ ಸಿಟ್ಟು ಬರುತ್ತಿತ್ತು. "ಲೇಟಾಯ್ತು ಅನ್ಬೇಡ. ಬಂದೆ ಅನ್ನು," ಎನ್ನುವರು. ಅಮ್ಮ ಮೊದಮೊದಲು ಓದಿ ಏನು ಮಾಡುತ್ತಾಳೆ ಎಂದು ತೆಲುಗಿನಲ್ಲಿ ಬೈದಳು. ಟೀಚರಮ್ಮ ಸ್ಟೇಷನ್ನಿಗೇ ಬಂದು ಅಮ್ಮನ ಪಕ್ಕ ಕೂತು ಮೊಳಗಟ್ಟಲೆ ಹೂವು ಕಟ್ಟಿದರು. ಎಷ್ಟು ಕೆಟ್ಟದಾಗಿ ಕಟ್ಟಿದರೆಂದರೆ, ನಾಳೆಯಿಂದ ನೀವು ಕಟ್ಟಬೇಡಿ, ಹುಡುಗಿಯನ್ನು ಕಳಿಸುತ್ತೇನೆ ಎಂದು ಅಮ್ಮನೇ ಕೈ ಮುಗಿದಳು.

ಓದು ಹತ್ತಿತು. ಈಗ ದೊಡ್ಡ ಶಾಲೆಗೆ ಸೇರಬೇಕು. ನಾನು ಹೆದರಲು ಕಾರಣವಿತ್ತು. ನಮ್ಮಲ್ಲೇ ಒಬ್ಬ ಹುಡುಗ ಹೋದ ವರ್ಷ ಅಷ್ಟಿಷ್ಟು ಓದುವಾಗಲೇ ಅವಸರಪಟ್ಟು ಬೇರೆ ಕಡೆ ಶಾಲೆಗೆ ಸೇರಿದ್ದ. ಅವನನ್ನು ಒಂದನೇ ಕ್ಲಾಸಿಗೆ ಹಾಕಿದರು. ಮೀಸೆ ಚಿಗುರುವ ವಯಸ್ಸಿನವನು ಹಾಲು ಹಲ್ಲಿನ ಮಕ್ಕಳ ನಡುವೆ ಕೂತ. ಮಕ್ಕಳು 'ತಾತ' ಎಂದು ಕರೆದವು. ವಾರ ತುಂಬುವುದರೊಳಗೆ ಅವನು ಬಸ್ ಸ್ಟ್ಯಾಂಡಿಗೆ ಹಿಂದಿರುಗಿದ, ನಮ್ಮ ಶೆಡ್ಡಿನ ಕಡೆಗೂ ಮತ್ತೆ ಬರಲಿಲ್ಲ. ನನ್ನ ವಯಸ್ಸಿನವರು ನಾಲ್ಕನೇ ಕ್ಲಾಸಿನಲ್ಲಿದ್ದರು. ಅಲ್ಲಿ ಕೂರಿಸಿದರೆ ಓದುತ್ತೇನೆ, ಒಂದನೇ ಕ್ಲಾಸಾದರೆ ಸ್ಟೇಷನ್ನಿಗೆ ಹೋಗುತ್ತೇನೆ ಎಂದು ನಾನು ಹಟ ಹಿಡಿದೆ. ಟೀಚರಮ್ಮ ಆವತ್ತೇ ಸರ್ಕಾರಿ ಶಾಲೆಗೆ ಹೋಗಿ ಹೆಡ್‌ಮಿಸ್ ಜೊತೆ ಮಾತಾಡಿ ಬಂದರು. ಹೆಡ್‌ಮಿಸ್ ಮುಂದೆ ನಾಲ್ಕನೇ ಕ್ಲಾಸಿನ ಪಾಠ ಓದಿ ತೋರಿಸಿದರೆ ಅಲ್ಲೇ ಕೂರಿಸುತ್ತಾರೆ ಎಂದು ಮಾರನೆಯ ದಿನ ತಿಳಿಸಿದರು.

ಹೆಡ್‌ಮಿಸ್ ಒಳ್ಳೆಯವರು. ಕುರ್ಚಿಯಲ್ಲಿ ಕೂರಿಸಿ, ಪುಸ್ತಕ ಕೊಟ್ಟು, ಹೆದರದೆ ಓದು ಎಂದರು. ಟೀಚರಮ್ಮ ಬಾಗಿಲ ಹತ್ತಿರ ನಿಂತಿದ್ದರು. ಓದಿದೆ ನೋಡಿ! ಹುಬ್ಬು ಏರಿಸಿ, ಕೆನ್ನೆ ಉಬ್ಬಿಸಿ, ಒಂದು ಒತ್ತಕ್ಷರವನ್ನೂ ಬಿಡದೆ ಪುಟ ಪೂರ್ತಿ ಓದಿದೆ. ಅಂಥ ಓದು ಆ ಶಾಲೆ ಕಂಡಿರಲಾರದು. ತಲೆ ಎತ್ತಿದರೆ ಹೆಡ್‌ಮಿಸ್ ಮುಖದಲ್ಲಿ ಮರುಕವಿತ್ತು.

"ಪರ್ವಾಗಿಲ್ಲ ಪುಟ್ಟಿ. ಓದೋಕೆ ಬರಲ್ವಾ?"

ನನಗೆ ಅಳು ನುಗ್ಗಿತು. ಇಷ್ಟು ಚೆನ್ನಾಗಿ ಓದಿದ್ದೇನಲ್ಲ, ಇನ್ನು ಹೇಗೆ ಓದುವುದು? ಬಾಗಿಲ ಕಡೆ ನೋಡಿದರೆ ಟೀಚರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು.

"ಪೂರ್ತಿ ಓದಿದ್ಲು ಮೇಡಂ, ನಾನು ನೋಡ್ದೆ," ಎಂದರು ಕಣ್ಣೊರೆಸಿಕೊಂಡು. ಆಮೇಲೆ ನನ್ನ ಕಡೆ ತಿರುಗಿದರು. "ಇಲ್ಲಿ ಮಗ್ಗ ಇಲ್ಲ ಕಣೆ. ಗಂಟಲು ಬಿಟ್ಟು ಓದು."

ಬಿಟ್ಟೆ. ಗಂಟಲು ಎಂದರೆ ನನಗೆ ಗೊತ್ತಿದ್ದದ್ದು ರೈಲು ಹೊರಡುವಾಗ ಹೂವು ಕೂಗುವ ಗಂಟಲು ಒಂದೇ. ಪಕ್ಕದ ಕ್ಲಾಸಿನ ಮಕ್ಕಳು ಕಿಟಕಿಗೆ ಜೋತುಬಿದ್ದರು. ಅಡುಗೆಯವರು ಸೌಟು ಹಿಡಿದೇ ಓಡಿಬಂದರು. ಹೆಡ್‌ಮಿಸ್ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಗುತ್ತ, "ಸಾಕಮ್ಮಾ, ನಾಲ್ಕನೇ ಕ್ಲಾಸಿಗೇ ಹೋಗು. ಒಂದನೇ ಕ್ಲಾಸಲ್ಲಿ ಕೂರ್ಸಿದ್ರೆ ಚಿಕ್ ಮಕ್ಕಳು ಹೆದರ್ಕೋತಾವೆ," ಎಂದರು.

ಆ ಸಂಜೆ ಟೀಚರಮ್ಮ ಓಡುವ ಮಗ್ಗಗಳ ನಡುವೆ ನಿಂತು ಈ ಕಥೆಯನ್ನು ಇಡೀ ಶೆಡ್ಡಿಗೆ ತುಟಿಯಲ್ಲೇ ಹೇಳಿದರು. ನೇಯುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೂ ಕೇಳಿಸಲಿಲ್ಲ. ಅಷ್ಟು ಜನ ನನ್ನ ಸಲುವಾಗಿ ಸಂತೋಷಪಟ್ಟಿದ್ದನ್ನು ಅದಕ್ಕಿಂತ ಮೊದಲು ನಾನು ಕಂಡಿರಲಿಲ್ಲ.

ಆಮೇಲೆ ಆ ತರಗತಿಗೆ ಬೇರೆ ಕಡೆ ಒಳ್ಳೆಯ ಕೋಣೆ ಸಿಕ್ಕಿತು. ಅಷ್ಟು ನಿಶ್ಶಬ್ದದಲ್ಲಿ ಪಾಠ ಮಾಡಲು ಒಗ್ಗುತ್ತಿಲ್ಲ ಎಂದು ಟೀಚರಮ್ಮ ನಿವೃತ್ತಿಯವರೆಗೂ ದೂರುತ್ತಿದ್ದರು. ನಾನು ಪಿಯುಸಿ ಮುಗಿಸಿದೆ, ಈಗ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ವೀಲ್‌ಚೇರಿನ ಪ್ರಯಾಣಿಕರಿಗೆ ನೆರವಾಗುವ ಕೆಲಸದಲ್ಲಿದ್ದೇನೆ. ಅಮ್ಮನೂ ನಾನೂ ಅಲ್ಲೇ ಬಾಡಿಗೆ ಮನೆ ಮಾಡಿದ್ದೇವೆ. ವಿಮಾನದ ಸದ್ದಿನಲ್ಲಿ ಜೊತೆಯವರು ಏನು, ಏನು ಎಂದು ಕಿವಿ ಕೊಡುವಾಗ ನಾನೊಬ್ಬಳು ಆರಾಮಾಗಿರುತ್ತೇನೆ.

ಮೊನ್ನೆ ಟೀಚರಮ್ಮ ಮಗ್ಗದ ಬೀದಿಯ ಹೆಂಗಸರ ಜೊತೆ ಕಾಶಿಗೆ ಹೊರಟರು. ಅವರಿಗೆ ಅದೇ ಮೊದಲ ವಿಮಾನ ಪ್ರಯಾಣ. ನಾನೇ ಕೈಹಿಡಿದು ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆದರೆ ಆ ದಿನ ನನಗೆ ಬಂದಿಳಿಯುವವರ ಕಡೆ ಡ್ಯೂಟಿ ಬಿತ್ತು. ಮಧ್ಯೆ ನೆಲದಿಂದ ಸೂರಿನವರೆಗೂ ಗಾಜು. ಆಚೆ ವಿಮಾನ ಹತ್ತುವವರ ಸಾಲಿನಲ್ಲಿ ಅವರು ಚೀಲ ತಬ್ಬಿಕೊಂಡು, ಕತ್ತು ಉದ್ದ ಮಾಡಿ ನನ್ನನ್ನು ಹುಡುಕುತ್ತಿದ್ದರು. ನಾನು ಗಾಜು ತಟ್ಟಿದೆ. ಸ್ಟೇಷನ್ನಿನ ಗಂಟಲಲ್ಲಿ 'ಟೀಚರಮ್ಮಾ' ಎಂದು ಕೂಗಿಯೂಬಿಟ್ಟೆ. ಈಚೆಯವರೆಲ್ಲ ತಿರುಗಿ ನೋಡಿದರು, ಆಚೆ ಒಂದು ನೊಣಕ್ಕೂ ಕೇಳಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ಹುಬ್ಬು ಅರ್ಧ ಹಣೆ ಏರಿತು.

"ಊಟ ಆಯ್ತಾ?"

ಬೆಳಗಿನಿಂದ ಒಂದು ಟೀ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. 'ಆಯ್ತು' ಎಂದು ತುಟಿ ಆಡಿಸಿದೆ. ಅವರು ನನ್ನ ಬಾಯಿಯನ್ನೇ ನೋಡಿದರು, ತಲೆ ಅಲ್ಲಾಡಿಸಿದರು. ಹಿಂದಿನವರು ಮುಂದೆ ಹೋಗಿ ಎಂದು ಅವಸರ ಮಾಡುತ್ತಿದ್ದರೂ ಕದಲಲಿಲ್ಲ.

"ಸುಳ್ಳಿ. ಮೊದ್ಲು ಹೋಗಿ ಉಣ್ಣು."

ಸರಿ ಎಂದು ನಾನು ಗೋಣು ಹಾಕಿದ ಮೇಲೆಯೇ ಅವರು ಒಂದು ಹೆಜ್ಜೆ ಮುಂದಿಟ್ಟದ್ದು. ಅವರ ವಿಮಾನ ಮೇಲೇಳುವ ಹೊತ್ತಿಗೆ ನಾನು ಕ್ಯಾಂಟೀನಿನಲ್ಲಿ ಕೂತು, ಹೇಳಿದ ಮಾತು ಕೇಳುವ ಹುಡುಗಿಯಂತೆ, ಅನ್ನ ಸಾರು ಉಣ್ಣುತ್ತಿದ್ದೆ.