ಒಗೆಯುವ ಕಲ್ಲಿಗೆ ಎರಡು ಬಕೆಟ್ ನೀರು

ಲಂಡನ್ನಿನಿಂದ ರಜೆಗೆ ಬಂದವನೊಬ್ಬ ಕಳೆದ ವಾರ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೂತು ತನ್ನ ಗೋಳು ಹೇಳಿಕೊಂಡ. ನಮ್ಮ ಸಹೋದ್ಯೋಗಿಯೊಬ್ಬರ ಭಾವಮೈದುನ. ಅವನಿರುವ ಕಟ್ಟಡದಲ್ಲಿ ಹನ್ನೆರಡು ಮನೆಗಳಿಗೆ ಬಟ್ಟೆ ಒಗೆಯುವ ಮಷೀನು ಒಂದೇ ಅಂತೆ. ಪಾಳಿ ಹಚ್ಚಬೇಕಂತೆ. ಒಂದು ದಿನ ಇವನು ಹತ್ತು ನಿಮಿಷ ತಡಮಾಡಿದ್ದಕ್ಕೆ ಬಿಳಿ ಹೆಂಗಸೊಬ್ಬಳು ಇವನ ಹಸಿ ಬಟ್ಟೆಗಳನ್ನು ಬೆರಳ ತುದಿಯಲ್ಲಿ ಹಿಡಿದು ತೆಗೆದು, ನೆಲಕ್ಕೆ ಹಾಕಿ ಹೋಗಿದ್ದಳಂತೆ.

"ನಮ್ಮನ್ನ ಮನುಷ್ಯಾರಂತ ತಿಳಿಯೋದಿಲ್ಲ ನೋಡ್ರಿ" ಎಂದ.

ಕ್ಯಾಂಟೀನು ಪೂರ್ತಿ ಲೊಚಗುಟ್ಟಿತು. ಎಂಥಾ ಅನ್ಯಾಯ, ಎಂಥಾ ಸೊಕ್ಕು ಅಂದರು. ನನಗೆ ನಗು ಬಂದುಬಿಟ್ಟಿತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

ಯಾಕೆ ನಕ್ಕೆ? ಯಾಕೆಂದರೆ ನಾನೂ ಪರದೇಶದಲ್ಲಿ ಇದ್ದು ಬಂದವನು. (ಪಾಸ್‌ಪೋರ್ಟ್ ಕೇಳಬೇಡಿ. ಹೋದದ್ದು ದೇವದುರ್ಗದ ಬಸ್ಸಿನಲ್ಲಿ.) ನನ್ನೂರು ಮಸರಕಲ್. ಪರದೇಶದ ಹೆಸರು ರಾಯಚೂರು.

ನನ್ನ ಹೆಂಡತಿ ರೇಣುಕಾಗೆ ರಾಯಚೂರಿನಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತು. ಅವಳ ಅವ್ವ ಇವತ್ತಿಗೂ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುತ್ತಾಳೆ. ಆ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಹೆಣ್ಣು ಇವಳು. ಹೇಗಾದರೂ ಮಾಡಿ ಈ ಟ್ರೈನಿಂಗ್ ಮುಗಿಸಬೇಕು, ಟೀಚರ್ ಆಗಬೇಕು, ಅಷ್ಟೇ ಅವಳ ಹಟ. ನನಗಂತೂ ನೌಕರಿ ರಾಯಚೂರಿನಲ್ಲೇ ಇತ್ತು. ಒಂದು ಬಾಡಿಗೆ ಮನೆ ಬೇಕಾಗಿತ್ತು.

ಮನೆ ತೋರಿಸುವವರೆಲ್ಲ ಮೊದಲು ಕೇಳುವುದು ಒಂದೇ ಮಾತು. "ಯಾವ ಮಂದೀರಿ ನೀವು?" ಊರ ಹೊರಗಿನ ಕೇರಿಯವರು ಎಂದು ಹೇಳಿದ ಕೂಡಲೇ ಆ ಮನೆಗೆ ಮಾಲೀಕರ ಅಣ್ಣ ಬರುವವನಿರುತ್ತಾನೆ, ಇಲ್ಲವೇ ತಂಗಿಯ ಬಾಣಂತನ ಇರುತ್ತದೆ. ಒಂದು ತಿಂಗಳಲ್ಲಿ ಎಷ್ಟು ಬಾಣಂತನಗಳಾದವೋ ದೇವರೇ ಬಲ್ಲ. ಕಡೆಗೆ ಒಬ್ಬರು ಸಿಕ್ಕರು. ರಿಟೈರ್ ಆದ ಮೇಷ್ಟ್ರು. ಸಾಲದ್ದಕ್ಕೆ ನಾನು ಪತ್ರಿಕೆಯಲ್ಲಿ ಬರೆಯುವ ಈ ಅಂಕಣದ ಓದುಗರು.

"ತಪ್ಪದ ಓದ್ತೀನ್ರೀ ನಿಮ್ಮದು. ಜಾತಿ-ಗೀತಿ ನೋಡೋ ಮಂದಿ ನಾವಲ್ಲ. ಸ್ವಚ್ಛ ಇದ್ರ ಸಾಕು" ಎಂದರು.

ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಿತ್ತಲಲ್ಲಿ ಒಂದು ನಳ, ಅದರ ಪಕ್ಕ ದಪ್ಪನೆಯ ಒಂದು ಫರಸಿ ಕಲ್ಲು. ಮೂರು ಮನೆಯವರು ಅದರ ಮೇಲೆಯೇ ಪಾಳಿಯಲ್ಲಿ ಬಟ್ಟೆ ಒಗೆಯಬೇಕು. ಟ್ರೈನಿಂಗ್‌ನವರಿಗೆ ಬಿಳಿ ಸೀರೆಯೇ ಯೂನಿಫಾರಂ. ರೇಣುಕಾಗೆ ಇದ್ದದ್ದು ಎರಡು. ರಾಯಚೂರಿನ ಧೂಳಿನಲ್ಲಿ ಬಿಳಿ ಸೀರೆ ಎರಡನೇ ದಿನಕ್ಕೆ ಉಳಿಯುತ್ತದೆಯೇ? ದಿನಾ ಒಗೆಯಲೇಬೇಕು. ಬೆಳಿಗ್ಗೆ ಆರಕ್ಕೆ ಇವಳ ಪಾಳಿ, ಆಮೇಲೆ ಮೇಷ್ಟ್ರ ಹೆಂಡತಿಯದು.

ಮೊದಲ ದಿನವೇ ನೋಡಿದೆ. ಇವಳು ಸೀರೆ ಹಿಂಡಿಕೊಂಡು ಈಚೆ ಬಂದಳು. ಮೇಷ್ಟ್ರ ಹೆಂಡತಿ ಎರಡು ಬಕೆಟ್ ನೀರನ್ನು ಕಲ್ಲಿನ ಮೇಲೆ ಸುರಿದರು. ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ. ಆಮೇಲೆ ತಮ್ಮ ಬಟ್ಟೆ ಇಟ್ಟರು. ನಳ ಬರುವುದೇ ಒಂದು ತಾಸು. ಅದರಲ್ಲಿ ಎರಡು ಬಕೆಟ್ ಬರೀ ಕಲ್ಲಿಗೆ. ಅವರಾದ ಮೇಲೆ ಇನ್ನೊಂದು ಮನೆಯಾಕೆ ಬಂದರು, ಹಾಗೇ ಒಗೆದುಕೊಂಡು ಹೋದರು. ಒಂದು ಚರಿಗೆ ನೀರೂ ಹಾಕಲಿಲ್ಲ.

ನನಗೆ ಆಗಲೇ ತಿಳಿಯಿತು. ತಿಳಿಯದೇ ಇರಲು ನಾನೇನು ಹಾಲು ಕುಡಿಯುವ ಕೂಸೇ?

ಆದರೆ ಮೇಷ್ಟ್ರ ಮಾತನ್ನು ಪೂರಾ ನಂಬಿದ್ದ ರೇಣುಕಾ ಅಂದಳು, "ಅಮ್ಮಾರು ಎಷ್ಟು ಸ್ವಚ್ಛ ಅದಾರ ನೋಡ್ರಿ. ಕಲ್ಲು ಸುದ್ದಾ ತೊಳೀತಾರ." ನಾನು "ಹೌದು" ಅಂದೆ. ಅಷ್ಟೇ. ಹೇಳಿದರೆ ಅವಳು ಸುಮ್ಮನಿರುವ ಪೈಕಿ ಅಲ್ಲ, ಮನೆ ಹೋದರೆ ಟ್ರೈನಿಂಗ್ ಹೋಗುತ್ತದೆ. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೇ ವಾರ ಇದೇ ಜಾಗದಲ್ಲಿ ಸಮಾನತೆಯ ಬಗ್ಗೆ ಖಾರವಾಗಿ ಬರೆದಿದ್ದೆ. (ಮೇಷ್ಟ್ರು ಅದನ್ನು ಓದಿ ಮೆಚ್ಚಿಕೊಂಡರು ಕೂಡ.)

ನಾಲ್ಕು ತಿಂಗಳು ಹೀಗೇ ನಡೆಯಿತು.

ಒಂದು ಭಾನುವಾರ ಮೇಷ್ಟ್ರ ಮನೆಗೆ ಬೀಗರು ಬಂದಿದ್ದರು. ಬಟ್ಟೆಯ ರಾಶಿ ಇತ್ತು ಅಂತ ಅವರ ಹೆಂಡತಿ ಮೊದಲು ಒಗೆದರು. ರೇಣುಕಾ ಕಾದು, ಆಮೇಲೆ ಹೋದಳು. ಹೋದವಳು ಏನು ಮಾಡಿದಳು? ಎರಡು ಬಕೆಟ್ ನೀರು ತುಂಬಿ ಕಲ್ಲಿನ ಮೇಲೆ ಸುರಿದಳು. ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ. ಈ ಮನೆಯ ರೀತಿಯೇ ಹೀಗೆ, ನಾವೂ ಕಲಿತುಕೊಳ್ಳಬೇಕು ಅಂತ ಅವಳ ಲೆಕ್ಕ. ಬೀಗರೆಲ್ಲ ಹಿತ್ತಲ ಬಾಗಿಲಲ್ಲೇ ನಿಂತಿದ್ದರು.

ಮೇಷ್ಟ್ರ ಹೆಂಡತಿಯ ಮುಖ ಕೆಂಪಾಯಿತು. ಮೇಷ್ಟ್ರು ನನ್ನನ್ನು ಕೂಗಿ ಕರೆದರು.

"ಏನ್ರೀ ಇದು? ನಮ್ಮಾಕಿ ಒಗದ ಕಲ್ಲಿಗೆ ನಿಮ್ಮಾಕಿ ನೀರು ಹಾಕಾಕತ್ತಾಳ. ನಾವೇನು ಮೈಲಿಗಿ ಮಂದಿ ಏನು?"

ರೇಣುಕಾ ಬಕೆಟ್ ಹಿಡಿದುಕೊಂಡೇ ಕೇಳಿದಳು, "ಹಂಗಲ್ರೀ ಸರ, ಅಮ್ಮಾರು ದಿನಾ ಹಾಕ್ತಾರಲ್ಲ, ಮತ್ತ ಅದು ಎದಕ್ಕರೀ?"

ಬೀಗರು ನೆಲ ನೋಡಿದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕಡೆಗೆ ನನ್ನ ಮುಖ ನೋಡಿದಳು. ಉತ್ತರ ಅಲ್ಲಿ ಸಿಕ್ಕಿತು ಅಂತ ಕಾಣುತ್ತದೆ. ಬಕೆಟ್ ಕೆಳಗಿಟ್ಟಳು.

ನಾನು ಏನು ಮಾಡಿದೆ ಗೊತ್ತೆ? ಕೈ ಮುಗಿದೆ. "ತಪ್ಪಾತ್ರೀ ಸರ, ಆಕಿಗೆ ತಿಳಿದಿಲ್ಲ" ಅಂದೆ.

ಅಷ್ಟಾದರೂ ಮನೆ ಉಳಿಯಿತೇ? ಮರುದಿನವೇ ಮೇಷ್ಟ್ರ ತಂಗಿಗೆ ಬಾಣಂತನ ಬಂತು.

ರಾಯಚೂರಿನಲ್ಲಿ ಇನ್ನೊಂದು ಮನೆ ಸಿಗಲಿಲ್ಲ. ಈಗ ಮಾನವಿಯಲ್ಲಿದ್ದೇವೆ, ನಮ್ಮವರ ಓಣಿಯಲ್ಲಿ. ಬೆಳಿಗ್ಗೆ ಆರರ ಬಸ್ಸಿಗೆ ಇಬ್ಬರೂ ಜೋತುಬೀಳುತ್ತೇವೆ. ಬಸ್ಸು ಕೈಕೊಟ್ಟ ದಿನ ಅವಳ ಹೆಸರಿನ ಮುಂದೆ ಆಬ್ಸೆಂಟ್. ಅಟೆಂಡೆನ್ಸ್ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಎರಡು ಸಲ ಹೇಳಿ ಕಳಿಸಿದ್ದಾರೆ. ಮೇಲಿಂದ ಮೇಲೆ ಆ ರಿಜಿಸ್ಟರು ಅವಳ ಕನಸಿನಲ್ಲೂ ಬರುತ್ತದಂತೆ. ಹಿತ್ತಲಲ್ಲಿ ಒಂದು ಕಲ್ಲಿದೆ. ಪೂರಾ ನಮ್ಮದೇ, ಪಾಳಿ ಇಲ್ಲ. ಸಂಜೆ ಬಸ್ಸಿನಿಂದ ಇಳಿದು ಬಂದವಳೇ ಬಿಳಿ ಸೀರೆ ತೆಗೆದುಕೊಂಡು ಅಲ್ಲಿಗೆ ಹೋಗುತ್ತಾಳೆ.

ಆ ಭಾನುವಾರದ ವಿಷಯವನ್ನು ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ. ಮೊನ್ನೆ ಈ ಬರಹವನ್ನು ಇಲ್ಲಿಯವರೆಗೆ ಬರೆದು ಹಿತ್ತಲಿಗೆ ಹೋಗಿ ಅವಳಿಗೆ ಓದಿ ಹೇಳಿದೆ. ಮೇಷ್ಟ್ರು ಇದನ್ನೂ ತಪ್ಪದೆ ಓದುತ್ತಾರೆ, ಓದಲಿ, ಉರಿದುಕೊಳ್ಳಲಿ ಅಂತ ನನಗೆ ಒಳಗೊಳಗೇ ಹುರುಪು. ಅವಳು ಸಾಬೂನು ತಿಕ್ಕುತ್ತಲೇ ಪೂರ್ತಿ ಕೇಳಿಸಿಕೊಂಡಳು. "ಚಲೋ ಬರದೀರಿ" ಎಂದಳು. ಸೀರೆಯನ್ನು ಎರಡು ಸಲ ಕಲ್ಲಿಗೆ ಬಡಿದಳು. ಆಮೇಲೆ, ನನ್ನ ಕಡೆ ನೋಡದೆಯೇ ಕೇಳಿದಳು:

"ಅವತ್ತು ಅವರ ಮುಂದ ತಪ್ಪಾತ್ರೀ ಅಂದ್ರಲ್ಲ, ಅದು ಯಾರ ತಪ್ಪುರೀ?"